ಮೈಸೂರಿನಲ್ಲಿ ಪೋಕರ್ ಹುಡುಕಿದ್ದು

ನಾನು ಇಪ್ಪತ್ನಾಲ್ಕು ವರ್ಷಗಳಿಂದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಐವತ್ತೆರಡು ಎಲೆಗಳ ಇಸ್ಪೀಟು ಕಟ್ಟಿನಿಂದ ಎರಡು ಎಲೆ ತೆಗೆದರೆ ಎರಡೂ ರಾಜನಾಗುವ ಸಂಭವ ಎಷ್ಟು ಎಂಬ ಲೆಕ್ಕವನ್ನು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅವರಲ್ಲಿ ಕೆಲವರು ಪಾಸೂ ಆಗಿದ್ದಾರೆ. ಇಷ್ಟೆಲ್ಲ ಅರ್ಹತೆಯುಳ್ಳ ಮನುಷ್ಯ ಇಸ್ಪೀಟಿನಲ್ಲಿ ಸೋಲುವುದಾದರೂ ಹೇಗೆ ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆಯಾಗಿತ್ತು. ಈಗ ಉತ್ತರ ಸಿಕ್ಕಿದೆ. ಬೇಡವಾಗಿತ್ತು.

ಕಳೆದ ವರ್ಷ ಕಾಲು ಉಳುಕಿ ಮೂರು ವಾರ ಮನೆಯಲ್ಲಿ ಮಲಗಿದ್ದಾಗ ಫೋನಿನಲ್ಲಿ ಪೋಕರ್ ಕಲಿತೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಕೊಡುತ್ತಾರೆ. ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಇವನ್ನೆಲ್ಲ ಸೇರಿಸಿ ಯಾರ ಜೋಡಣೆ ದೊಡ್ಡದೋ ಅವರು ಗೆದ್ದರು. ಆದರೆ ಆಟದ ಜೀವ ಇರುವುದು ಹೆದರಿಸುವುದರಲ್ಲಿ. ಕೈಯಲ್ಲಿ ಏನೂ ಇಲ್ಲದಿದ್ದರೂ ಮುಂದಿರುವ ಬಿಲ್ಲೆಗಳನ್ನೆಲ್ಲ ಧೈರ್ಯವಾಗಿ ತಳ್ಳಿದರೆ, ಎದುರಿನವರು ಹೆದರಿ ಎಲೆ ಬಿಟ್ಟುಬಿಡುತ್ತಾರೆ, ಗೆಲುವು ನಮ್ಮದಾಗುತ್ತದೆ. ಹೀಗೆ ಇದ್ದದ್ದನ್ನೆಲ್ಲ ಒಂದೇ ಸಲ ತಳ್ಳಬಹುದಾದ ಆಟಕ್ಕೆ ನೋ ಲಿಮಿಟ್ ಎಂದು ಹೆಸರು. ಮಿತಿಯಿಲ್ಲದ ಆಟ. ನನ್ನಂಥ ಧೀರರಿಗೆ ಹೇಳಿ ಮಾಡಿಸಿದ್ದು.

ಫೋನಿನಲ್ಲಿ ದುಡ್ಡಿನ ವ್ಯವಹಾರವಿಲ್ಲ, ಸುಳ್ಳು ಬಿಲ್ಲೆಗಳು. ಮೂರು ತಿಂಗಳಲ್ಲಿ ನಾನು ಅಂಥ ಮೂರೂವರೆ ಕೋಟಿ ಬಿಲ್ಲೆಗಳ ಒಡೆಯನಾದೆ. ಸಂಕ್ರಾಂತಿಯ ಬೆಳಿಗ್ಗೆ ಈ ವಿಷಯವನ್ನು ಹೆಂಡತಿಗೆ ತಿಳಿಸಿದೆ.

"ಮೂರೂವರೆ ಕೋಟಿ ಇದ್ಯಾ?" ಎಂದಳು ಜಯ. "ಅದ್ರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ ನೋಡೋಣ."

"ಇದು ಬುದ್ಧಿಯ ಆಟ ಕಣೆ. ಫೋನಲ್ಲಿ ಗೆದ್ದವನು ಎದುರಾ ಎದುರು ಕೂತ್ರೂ ಗೆಲ್ತಾನೆ. ಮುಖ ನೋಡಿದ್ರೆ ಸಾಕು, ಕೈಯಲ್ಲಿ ಏನಿದೆ ಅಂತ ಹೇಳಿಬಿಡ್ತೀನಿ."

"ನನ್ನ ಮುಖ ನೋಡಿ ಈಗ ಏನಿದೆ ಹೇಳಿ."

ನೋಡಿದೆ. ಹೇಳದಿರುವುದೇ ಕ್ಷೇಮ ಎನಿಸಿತು.

ಇಲ್ಲಿ ನಮ್ಮ ಮನೆಯ ಸ್ಕೂಟರಿನ ವಿಷಯ ಹೇಳಲೇಬೇಕು. ಕುವೆಂಪುನಗರದಲ್ಲಿ ಮನೆಗೆ ಎರಡು ಸ್ಕೂಟರ್ ಇಲ್ಲದವರು ನಾವೊಬ್ಬರೇ ಇರಬೇಕು. ಜಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕಾಲೇಜು ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಬೆಳಿಗ್ಗೆ ಮೊಳೆಯಲ್ಲಿ ನೇತುಹಾಕಿದ ಕೀ ಯಾರ ಕೈಗೆ ಮೊದಲು ಸಿಗುತ್ತದೋ ಅವರು ಸವಾರರು, ಇನ್ನೊಬ್ಬರು ಬಸ್ಸಿನಲ್ಲಿ ನಿಂತವರು. ಹತ್ತು ವರ್ಷಗಳಿಂದ ನಡೆಯುತ್ತಿರುವ ಈ ಜಗಳದಲ್ಲಿ ನಾನು ಸ್ನಾನಕ್ಕೆ ಹೋಗುವಾಗ ಕೀಯನ್ನು ಬನಿಯನ್ನಿನ ಜೊತೆ ಒಯ್ಯುವ ಮಟ್ಟಕ್ಕೆ ಇಳಿದಿದ್ದೆ.

"ಸರಿ, ಒಂದು ಮಾತು" ಎಂದಳು ಜಯ. "ಯುಗಾದಿ ಕಳೆಯೋದ್ರೊಳಗೆ ನಿಜವಾದ ಮನುಷ್ಯರ ಜೊತೆ ಕೂತು ಈ ಆಟ ಆಡಿ ಗೆದ್ದು ತೋರಿಸಿ. ಗೆದ್ರೆ ಒಂದು ವರ್ಷ ಸ್ಕೂಟರ್ ನಿಮ್ದು, ನಾನು ಕೀ ಮುಟ್ಟಲ್ಲ. ಆಗ್ಲಿಲ್ಲ ಅಂದ್ರೆ ಒಂದು ವರ್ಷ ನಂದು, ನೀವು ಮುಟ್ಟಂಗಿಲ್ಲ."

"ಪಾಪ, ನೀನು ಬಸ್ ಪಾಸು ಮಾಡಿಸ್ಕೊ" ಎಂದೆ. ನನ್ನ ಕಂಠದಲ್ಲಿ ನಿಜವಾದ ಮರುಕವಿತ್ತು.

ಮೈಸೂರಿನಂಥ ಊರಿನಲ್ಲಿ ಪೋಕರ್ ಆಡುವ ಜಾಗ ಸಿಗದೇ ಇರುತ್ತದೆಯೇ? ನಮ್ಮ ಕಾಲೇಜಿನ ಭೌತಶಾಸ್ತ್ರದ ಶ್ರೀಕಂಠ ಒಂದು ಕ್ಲಬ್ಬಿನ ಸದಸ್ಯ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಿವೃತ್ತರು ನಡೆಸುವ ಕ್ಲಬ್ಬು. ಅಲ್ಲಿ ಕಾರ್ಡ್ ರೂಮ್ ಎಂದು ಬೋರ್ಡು ಹಾಕಿದ ಒಂದು ಕೋಣೆಯೇ ಇದೆಯೆಂದು ಅವನು ಹೇಳಿದಾಗ ನನ್ನ ಕಿವಿ ನೆಟ್ಟಗಾದವು. ಒಂದು ಶನಿವಾರ ಮಧ್ಯಾಹ್ನ ಅವನ ಅತಿಥಿಯಾಗಿ ಹೊರಟೆ.

ಹೋಗುವಾಗ ಒಂದು ತಯಾರಿ ಮಾಡಿಕೊಂಡೆ. ದೊಡ್ಡ ಪೋಕರ್ ಆಟಗಾರರು ಕಪ್ಪು ಕನ್ನಡಕ ಹಾಕಿಕೊಂಡು ಕೂರುವುದನ್ನು ವಿಡಿಯೋಗಳಲ್ಲಿ ನೋಡಿದ್ದೆ. ಕಣ್ಣು ಕಂಡರೆ ಮನಸ್ಸಿನ ಗುಟ್ಟು ಎದುರಾಳಿಗೆ ತಿಳಿದುಬಿಡುತ್ತದಂತೆ. ಆದ್ದರಿಂದ ನಾನೂ ಒಂದು ಕಪ್ಪು ಕನ್ನಡಕ ಏರಿಸಿಕೊಂಡೇ ಮೆಟ್ಟಿಲು ಹತ್ತಿದೆ. ಒಳಗೆ ಹಸಿರು ಬಟ್ಟೆ ಹೊದಿಸಿದ ಎರಡು ಮೇಜುಗಳಿದ್ದವು. ಒಂದರ ಸುತ್ತ ನಾಲ್ವರು ಹಿರಿಯರು ರಮ್ಮಿ ಆಡುತ್ತಿದ್ದರು. ನಾನು ನೇರವಾಗಿ ಹೋಗಿ ಖಾಲಿ ಕುರ್ಚಿಯಲ್ಲಿ ಕೂತೆ.

ಪಕ್ಕದ ಹಿರಿಯರು ನನ್ನ ಮುಖ ನೋಡಿ, "ಎಷ್ಟು ದಿವಸದಿಂದ ಇದೆ ಸಾರ್?" ಎಂದು ಕೇಳಿದರು.

ಶ್ರೀಕಂಠ ನನ್ನ ಪೋಕರ್ ಹವ್ಯಾಸದ ಬಗ್ಗೆ ಮೊದಲೇ ಹೇಳಿರಬೇಕು ಎಂದುಕೊಂಡು, "ನಾಲ್ಕು ತಿಂಗಳಿಂದ" ಎಂದೆ.

"ನಾಲ್ಕು ತಿಂಗಳಾ? ಮನೇಲಿ ಬೇರೆಯವರಿಗೂ ಇದ್ಯಾ?"

"ಇಲ್ಲ, ನನಗೊಬ್ಬನಿಗೇ. ಇಲ್ಲಿ ನಾಲ್ಕು ಜನಕ್ಕೆ ಹತ್ತಿಸೋಣ ಅಂತಲೇ ಬಂದೆ."

ಕುರ್ಚಿಗಳು ಸರಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎದುರಿಗಿದ್ದವರು ಎಲೆಗಳನ್ನು ಮೇಜಿನ ಮೇಲೆ ಹಾಕಿ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡರು. ಕ್ಲಬ್ಬಿನ ಕಾರ್ಯದರ್ಶಿಗಳು ಬಾಗಿಲಿನಿಂದಲೇ, "ಏನ್ರೀ ಶ್ರೀಕಂಠ, ಮದ್ರಾಸ್ ಐ ಬಂದಿರೋರ್ನ ಕರ್ಕೊಂಡು ಬಂದಿದ್ದೀರಲ್ಲ, ಇಲ್ಲಿ ಕ್ಯಾಟರಾಕ್ಟ್ ಆಪರೇಷನ್ ಆಗಿರೋರು ಮೂರು ಜನ ಇದ್ದಾರೆ" ಎಂದರು.

ಮೈಸೂರಿನಲ್ಲಿ ಮನೆಯೊಳಗೆ ಕಪ್ಪು ಕನ್ನಡಕ ಹಾಕುವುದಕ್ಕೆ ಇರುವುದು ಅದೊಂದೇ ಕಾರಣ ಎಂಬುದು ನನಗೆ ಆಗ ಹೊಳೆಯಿತು. ತಕ್ಷಣ ಕನ್ನಡಕ ತೆಗೆದು, "ನೋಡಿ, ಏನೂ ಇಲ್ಲ" ಎಂದು ಎಲ್ಲರ ಕಡೆಗೂ ಕಣ್ಣರಳಿಸಿದೆ. ಹಿಂದಿನ ರಾತ್ರಿ ಪೂರ್ವಸಿದ್ಧತೆಯೆಂದು ಬಹಳ ಹೊತ್ತು ಫೋನಿನಲ್ಲಿ ಆಡಿದ್ದೆ. ಕಣ್ಣು ಕೆಂಡದಂತಿತ್ತು. ಅದನ್ನು ಕಂಡ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಕಾರ್ಯದರ್ಶಿಗಳು ನಾನು ಮುಟ್ಟಿರದ ಎಲೆಗಳನ್ನೂ ಕರವಸ್ತ್ರದಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಸೋಮವಾರ ಶ್ರೀಕಂಠ ನನ್ನನ್ನು ಕಾರಿಡಾರಿನಲ್ಲಿ ದೂರದಿಂದಲೇ ನಿಲ್ಲಿಸಿ, ಡಾಕ್ಟರ ಪತ್ರ ತಂದರೆ ಹದಿನೈದು ದಿನಗಳ ನಂತರ ನನ್ನ ಪ್ರವೇಶವನ್ನು ಪರಿಶೀಲಿಸಲಾಗುವುದು ಎಂಬ ನಿರ್ಣಯವನ್ನು ತಿಳಿಸಿದ.

ಎದೆಗುಂದಲಿಲ್ಲ. ಕಡಕೊಳದ ಕಾರ್ಖಾನೆಗಳ ಹಿಂದೆ ಒಂದು ದೊಡ್ಡ ಶೆಡ್ಡಿನಲ್ಲಿ ಭಾನುವಾರ ಜೋರು ಆಟ ನಡೆಯುತ್ತದೆಂದು ಕ್ಷೌರದಂಗಡಿಯಲ್ಲಿ ಕೇಳಿ ಅಲ್ಲಿಗೂ ಹೋದೆ. ಆಟ ಜೋರಾಗಿಯೇ ನಡೆಯುತ್ತಿತ್ತು. ಷಟಲ್.

ಇಷ್ಟಾಗುವಾಗ ಫೆಬ್ರವರಿ ಮುಗಿಯುತ್ತ ಬಂದಿತ್ತು. ಆಗ ನನಗೊಂದು ಯೋಚನೆ ಬಂತು. ಯಾವ ಆಟ ಎಲ್ಲಿ ನಡೆಯುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಪೊಲೀಸರಿಗೆ. ನಾನು ಕಾನೂನಿಗೆ ತಲೆಬಾಗುವ ಮನುಷ್ಯ. ಕಾನೂನು ಒಪ್ಪುವ ಪೋಕರ್ ಎಲ್ಲಿದೆ ಎಂದು ಅವರನ್ನೇ ಕೇಳಿಬಿಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದಲ್ಲ? ಕೂತು ಒಂದು ಅರ್ಜಿ ಬರೆದೆ. 'ಮಾನ್ಯರೇ, ವಿಷಯ: ಕಾನೂನಿಗೆ ಒಳಪಟ್ಟು ಮಿತಿಯಿಲ್ಲದ ಪೋಕರ್ ಆಟವಾಡಲು ಸೂಕ್ತ ಸ್ಥಳವನ್ನು ತಿಳಿಸಿಕೊಡುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಆಟದಲ್ಲಿ ನಾನು ಸಾಕಷ್ಟು ಪರಿಣತಿ ಹೊಂದಿದ್ದು...' ಹೀಗೆ ಒಂದೂವರೆ ಪುಟ. ಕೆಳಗೆ ಹುದ್ದೆ ಸಮೇತ ಸಹಿ.

ಠಾಣೆಯ ಹೆಡ್ ಕಾನ್ಸ್‌ಟೇಬಲ್ ಅದನ್ನು ಎರಡು ಸಲ ಓದಿದರು. ಆಮೇಲೆ ಒಳಗಿನಿಂದ ಇನ್ನಿಬ್ಬರನ್ನು ಕರೆದು ಅವರಿಗೂ ಓದಿಸಿದರು. ಆಮೇಲೆ ನನಗೆ ಕುರ್ಚಿ ಹಾಕಿಸಿದರು.

"ಸಾರ್, ಇಪ್ಪತ್ತೆರಡು ವರ್ಷ ಸರ್ವೀಸು ನಂದು. ಇಸ್ಪೀಟಾಡೋರ್ನ ನಾವೇ ಹುಡುಕ್ಕೊಂಡು ಹೋಗಿದ್ದೀವಿ. ಅವರಾಗೇ ಬಂದು ನಮ್ಮತ್ರ ಅಡ್ರೆಸ್ ಕೇಳಿದ್ದು ನೀವೇ ಮೊದಲು."

"ಹಾಗಾದರೆ ಕಾನೂನಿನ ಪ್ರಕಾರ ಎಲ್ಲೂ ಇಲ್ಲವೇ?"

"ನಿಮಗೆ ಸಿಕ್ಕಿದ್ರೆ ನಮಗೂ ಒಂದು ಮಾತು ಹೇಳಿ ಸಾರ್. ಇಲ್ಲೀಗಂಟ ಎಲ್ಲೆಲ್ಲಿ ಹುಡುಕಿದ್ರಿ?"

ಪಾಠ ಮಾಡುವವರ ದೌರ್ಬಲ್ಯ ಇದು. ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ಕೊಡದೆ ಇರಲಾಗದು. ಕ್ಲಬ್ಬಿನ ಹೆಸರು, ಮಹಡಿ, ಮೇಜುಗಳ ಸಂಖ್ಯೆ, ಆಟದ ಸಮಯ ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಒಂದು ಚೀಟಿಯಲ್ಲಿ ಬರೆದುಕೊಂಡರು. ಹೊರಡುವ ಮುನ್ನ ಅಭ್ಯಾಸಬಲದಿಂದ ಅರ್ಜಿಯ ನಕಲು ಪ್ರತಿಗೆ 'ಸ್ವೀಕರಿಸಲಾಗಿದೆ' ಎಂದು ಸೀಲು ಹಾಕಿಸಿಕೊಂಡು ಬಂದೆ.

ಮರುದಿನ ಒಬ್ಬ ಕಾನ್ಸ್‌ಟೇಬಲ್ ಕ್ಲಬ್ಬಿಗೆ ಹೋಗಿ ಕಾರ್ಡ್ ರೂಮಿನಲ್ಲಿ ಹತ್ತು ನಿಮಿಷ ನಿಂತಿದ್ದರಂತೆ. ದುಡ್ಡಿಲ್ಲದ ರಮ್ಮಿಯಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ. ಒಂದು ಕಾಫಿ ಕುಡಿದು ಹೊರಟುಹೋದರು. ಆದರೆ ಹಿರಿಯರೊಬ್ಬರು ಗಾಬರಿಯಲ್ಲಿ ಕೈಯಲ್ಲಿದ್ದ ಹದಿಮೂರು ಎಲೆಗಳನ್ನು ಷರಟಿನೊಳಗೆ ತುರುಕಿಕೊಂಡು ಮನೆಗೆ ಓಡಿದರು. ಅಂದಿನಿಂದ ಕ್ಲಬ್ಬಿನಲ್ಲಿ ರಮ್ಮಿ ನಿಂತು ಕೇರಂ ಶುರುವಾಯಿತು. ಶ್ರೀಕಂಠ ನನ್ನ ಜೊತೆ ಮಾತು ಬಿಟ್ಟ. ಡಾಕ್ಟರ ಪತ್ರ ತಂದರೂ ಪ್ರಯೋಜನವಿಲ್ಲ ಎಂಬುದನ್ನು ಅಟೆಂಡರ್ ಮೂಲಕ ಹೇಳಿಕಳಿಸಿದ.

ಆ ಸೀಲು ಹಾಕಿದ ಪ್ರತಿ ಜಯಳ ಕೈಗೆ ಸಿಕ್ಕಿತು. ವಿದ್ಯುತ್ ಬಿಲ್ಲಿನ ಫೈಲಿನಲ್ಲಿಟ್ಟಿದ್ದೆ. ಅವಳು ಅಡುಗೆಮನೆಯಲ್ಲಿ ನಿಂತು ಪೂರ್ತಿ ಓದಿದಳು, ಒಲೆಯ ಮೇಲಿನ ಹಾಲು ಉಕ್ಕಿಹೋಗುವವರೆಗೂ ಓದಿದಳು. "ಸದರಿ ಆಟದಲ್ಲಿ ಸಾಕಷ್ಟು ಪರಿಣತಿ" ಎಂಬಲ್ಲಿ ಕೂತುಕೊಂಡಳು.

"ಇನ್ನು ಹದಿಮೂರು ದಿವ್ಸ ಇದೆ ಯುಗಾದಿಗೆ" ಎಂದಳು ಕಣ್ಣೊರೆಸಿಕೊಳ್ಳುತ್ತ. "ಬಸ್ ಪಾಸಿಗೆ ಎರಡು ಫೋಟೋ ಬೇಕಂತೆ. ಕನ್ನಡಕ ಇಲ್ದೆ ತೆಗೆಸಿ."

ನಿಜ ಹೇಳುತ್ತೇನೆ, ಆ ಹದಿಮೂರು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬಸ್ಸಿನಲ್ಲಿ ನಮ್ಮದೇ ವಿದ್ಯಾರ್ಥಿಗಳ ಬ್ಯಾಗುಗಳ ನಡುವೆ ಸಿಕ್ಕಿಕೊಂಡು ಒಂದು ವರ್ಷ ಓಡಾಡುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಸ್ಕೂಟರಿಗಿಂತ ಹೆಚ್ಚಾಗಿ, ಇಷ್ಟು ಚೆನ್ನಾಗಿ ಆಡಬಲ್ಲವನಿಗೆ ಆಡಲು ನಾಲ್ಕು ಜನ ಸಿಗಲಿಲ್ಲವಲ್ಲ ಎಂಬ ಸಂಕಟ.

ಯುಗಾದಿಗೆ ಜಯಳ ತವರಿಗೆ ಹೋದೆವು. ಇಲವಾಲ ದಾಟಿ, ದೊಡ್ಡ ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ಹೋದರೆ ಅವರ ಊರು. ಪ್ರತಿವರ್ಷವೂ ಹೋಗುತ್ತೇನೆ. ಪ್ರತಿವರ್ಷವೂ ಬೇವು ಬೆಲ್ಲ ತಿಂದು, ಹೋಳಿಗೆ ಊಟ ಮುಗಿಸಿ, ಒಳಗಿನ ಕೋಣೆಯಲ್ಲಿ ಮಲಗಿ, ಸಂಜೆ ಕಾಫಿಗೆ ಏಳುತ್ತೇನೆ. ಅಳಿಯನ ಕರ್ತವ್ಯ ಅಷ್ಟೇ ಎಂದು ತಿಳಿದಿದ್ದೆ. ಈ ಸಲ ಚಿಂತೆಯಿಂದ ನಿದ್ದೆ ಹತ್ತಲಿಲ್ಲ. ಎದ್ದು ಜಗಲಿಗೆ ಬಂದರೆ, ಚಾಪೆ ಹಾಸಿಕೊಂಡು ಮೂವರು ಇಸ್ಪೀಟು ಆಡುತ್ತ ಕೂತಿದ್ದಾರೆ. ನನ್ನ ಮಾವ ಸಿದ್ದೇಗೌಡರು, ಬಾಮೈದ ರಾಜೇಶ, ಮತ್ತು ಮಾವನ ಅತ್ತಿಗೆ, ಎಪ್ಪತ್ತೆಂಟು ವರ್ಷದ ದೊಡ್ಡವ್ವ.

"ಇದೇನು, ಇಸ್ಪೀಟು?" ಎಂದೆ.

"ಯುಗಾದಿ ಅಲ್ವರಾ ಅಳಿಯಂದ್ರೆ" ಎಂದರು ಮಾವ. "ಇವತ್ತು ಒಂದು ಕೈ ಆಡ್ಬೇಕು. ಇವತ್ತು ಗೆದ್ದೋರ್ಗೆ ವರ್ಷೆಲ್ಲಾ ಗೆಲುವು ಅಂತ ಮೊದ್ಲಿನಿಂದ್ಲೂ ನಡ್ಕೊಂಡ್ ಬಂದದೆ. ನೀವು ಯಾವಾಗ್ಲೂ ಮಲ್ಗಿರ್ತೀರಿ ಅಂತ ಎಬ್ಬುಸ್ತಿರ್ಲಿಲ್ಲ."

ಎರಡು ತಿಂಗಳು ಕ್ಲಬ್ಬು, ಕಡಕೊಳ, ಪೊಲೀಸ್ ಠಾಣೆ ಎಂದು ಅಲೆದಿದ್ದೆನಲ್ಲ, ನಾನು ಇಪ್ಪತ್ತೆರಡು ವರ್ಷಗಳಿಂದ ಗೊರಕೆ ಹೊಡೆಯುತ್ತಿದ್ದ ಮಂಚದಿಂದ ಹದಿನೈದು ಅಡಿ ದೂರದಲ್ಲಿ ಆಟ ನಡೆಯುತ್ತಿತ್ತು. ನನಗೆ ಅಳುವಷ್ಟು ಸಂತೋಷವಾಯಿತು. ಜಯಳನ್ನು ಕೂಗಿ ಕರೆದೆ.

"ಇವರು ನಿಜವಾದ ಮನುಷ್ಯರು ಹೌದೋ ಅಲ್ಲವೋ?"

"ನಮ್ಮಪ್ಪನ್ನ ಕೇಳ್ತಿದ್ದೀರಾ?" ಎಂದಳು ಜಯ. ಆಮೇಲೆ ನನ್ನ ಮುಖ ನೋಡಿ ನಕ್ಕು, "ಸರಿ, ಆಡಿ. ಸಂಜೆ ಆಟ ಮುಗಿಯೋವಾಗ ಯಾರು ಗೆದ್ದಿರ್ತಾರೋ ನೋಡೋಣ. ಆದ್ರೆ ದುಡ್ಡು ಇಡಂಗಿಲ್ಲ" ಎಂದು ಷರತ್ತು ಹಾಕಿ ಒಳಗೆ ಹೋದಳು.

ದುಡ್ಡಿನ ಬದಲು ದೊಡ್ಡವ್ವ ಒಳಗಿನಿಂದ ಮೊರದ ತುಂಬ ಹುಣಸೆ ಬೀಜ ತಂದರು. ಎಲ್ಲರಿಗೂ ಒಂದೊಂದು ಪಾವು ಅಳೆದು ಕೊಟ್ಟರು. ನಾನು ಅರ್ಧ ಗಂಟೆ ಪೋಕರ್ ಪಾಠ ಮಾಡಿದೆ. ಜೋಡಿ ಎಂದರೇನು, ಒಂದೇ ಜಾತಿಯ ಐದು ಎಲೆ ಎಂದರೇನು, ಇದ್ದದ್ದನ್ನೆಲ್ಲ ಒಮ್ಮೆಗೇ ತಳ್ಳುವುದು ಹೇಗೆ, ಎಲ್ಲ. ಮೂವರೂ ತಲೆಯಾಡಿಸುತ್ತ ಕೇಳಿದರು. ನನ್ನ ತರಗತಿಯಲ್ಲೂ ಮಕ್ಕಳು ಹಾಗೆ ಕೇಳಿದ್ದಿಲ್ಲ.

ಆಟ ಶುರುವಾಯಿತು. ಮೊದಲ ಕೈಯಲ್ಲೇ ನನಗೆ ಬಂದದ್ದು ಏಳು ಮತ್ತು ಎರಡು, ಪೋಕರಿನಲ್ಲಿ ಅದಕ್ಕಿಂತ ದರಿದ್ರ ಎಲೆ ಇಲ್ಲ. ನಡುವೆ ಬಿಚ್ಚಿದ ಐದು ಎಲೆಯೂ ನೆರವಿಗೆ ಬರಲಿಲ್ಲ. ಮುಖ ಕಲ್ಲು ಮಾಡಿಕೊಂಡು ಅರ್ಧ ಪಾವು ಬೀಜ ನಡುವೆ ತಳ್ಳಿದೆ. ಮಾವ ತಮ್ಮ ಎಲೆ ನೋಡಿದರು, ಸೂರು ನೋಡಿದರು, ಉಸಿರು ಬಿಟ್ಟು, "ಬುಟ್ಟೆ" ಎಂದರು. ರಾಜೇಶನೂ ಬಿಟ್ಟ. ದೊಡ್ಡವ್ವ ಎಲೆಗಳನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೆಳಗಿಟ್ಟರು.

"ಮಾವ, ನಿಮ್ಮತ್ರ ಒಂದು ಜೋಡಿನೂ ಇರಲಿಲ್ಲ. ನಿಮ್ಮ ಹುಬ್ಬು ಹೇಳಿಬಿಡ್ತು" ಎಂದೆ.

"ಊಂ ಅಳಿಯಂದ್ರೆ. ನೀವು ಓದ್ದೋರು."

"ಎಂಗೆ ಗೊತ್ತಾಯ್ತದೋ ಕಾಣೆ ಇವ್ರಿಗೆ" ಎಂದರು ದೊಡ್ಡವ್ವ.

ಮುಂದಿನ ಮೂರು ಗಂಟೆ ನನ್ನ ಜೀವನದ ಅತ್ಯುತ್ತಮ ಮೂರು ಗಂಟೆಗಳು. ನಾನು ತಳ್ಳಿದರೆ ಸಾಕು, ಅವರು ಬಿಡುತ್ತಿದ್ದರು. ನಾಲ್ಕು ಸಲ ಎಲೆ ನೋಡದೆಯೇ ತಳ್ಳಿದೆ, ಬಿಟ್ಟರು. ಪ್ರತಿ ಗೆಲುವಿನ ನಂತರ ಎದುರಾಳಿಗಳ ತಪ್ಪುಗಳನ್ನು ಅವರ ಹಿತಕ್ಕಾಗಿ ವಿವರಿಸಿದೆ. ರಾಜೇಶ ಕಿವಿ ಮುಟ್ಟಿಕೊಂಡರೆ ಕೈಯಲ್ಲಿ ಚಿಕ್ಕ ಎಲೆ ಇದೆಯೆಂದು ಅರ್ಥ ಎಂಬುದನ್ನು ಕಂಡುಹಿಡಿದೆ. ದೊಡ್ಡವ್ವ ಎಲೆ ಅಡಿಕೆ ಬಾಯಿಗೆ ಹಾಕಿದರೆ ಹೆದರಿದ್ದಾರೆ ಎಂದು ತೀರ್ಮಾನಿಸಿದೆ. ನನ್ನ ಮುಂದೆ ಹುಣಸೆ ಬೀಜದ ಗುಡ್ಡವಾಯಿತು. ಎರಡು ಸಲ ಅವರ ಬೀಜ ಪೂರ್ತಿ ಖಾಲಿಯಾಗಿ, ದೊಡ್ಡವ್ವ ಮತ್ತೆ ಅಳೆದು ತಂದರು. ನಾನು ಇವರನ್ನು ಇಷ್ಟು ನಿರ್ದಯವಾಗಿ ಸೋಲಿಸುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡೆ. ಕಲೆಗೆ ದಯೆ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಾಲ್ಕೂವರೆಗೆ ರಾಜೇಶ ಹಸುವಿಗೆ ಹುಲ್ಲು ಹಾಕಲು ಎದ್ದುಹೋದ. ಅದೇ ಹೊತ್ತಿಗೆ ಜಯ ಕಾಫಿ ತಂದು ಎಲ್ಲರ ಮುಂದೆ ಒಂದೊಂದು ಲೋಟ ಇಟ್ಟಳು. ನನ್ನ ಗುಡ್ಡ ನೋಡಿದಳು.

"ಎಲ್ಲಾ ನೀವೇ ಗೆದ್ರಾ?"

"ನೀನೇ ನೋಡ್ತಿದ್ದೀಯಲ್ಲ. ಬಸ್ ಪಾಸಿಗೆ ಎರಡು ಫೋಟೋ ಬೇಕಂತೆ."

ಜಯ ಸೆರಗು ಸಿಕ್ಕಿಸಿಕೊಂಡು ರಾಜೇಶನ ಜಾಗದಲ್ಲಿ ಕೂತಳು. "ಒಂದು ಕೈ ನಂಗೂ ಹಾಕಿ. ಇದ್ರಲ್ಲೇ ತೀರ್ಮಾನ ಆಗ್ಲಿ. ನಿಮ್ಮ ಬೀಜನೆಲ್ಲಾ ಇಡಿ, ಕೀನೂ ಇಡಿ."

ಮಾವ ಮತ್ತು ದೊಡ್ಡವ್ವ ಎಂದಿನಂತೆ ಬಿಟ್ಟರು. ನನ್ನ ಕೈಯಲ್ಲಿ ಒಂಬತ್ತು ಮತ್ತು ನಾಲ್ಕು. ನಡುವಿನ ಐದು ಎಲೆಗಳಲ್ಲಿ ನನಗೆ ನೆಂಟರು ಯಾರೂ ಇರಲಿಲ್ಲ. ಏನಾಯಿತೀಗ? ಗುಡ್ಡವನ್ನು ಎರಡೂ ಕೈಯಿಂದ ತಳ್ಳಿ, ಅದರ ಮೇಲೆ ಸ್ಕೂಟರಿನ ಕೀ ಇಟ್ಟು, ಕಲ್ಲುಮುಖ ಮಾಡಿಕೊಂಡು ಕೂತೆ.

ಜಯ ತನ್ನ ಎಲೆ ನೋಡಲೂ ಇಲ್ಲ. "ಕಾಫಿ ಆರೋಗ್ತಾ ಇದೆ, ಕುಡೀರಿ" ಎಂದಳು.

"ಬೇಡ."

"ಸರಿ. ತೋರಿಸಿ" ಎಂದಳು.

ಅವಳ ಹತ್ತಿರ ಇದ್ದದ್ದು ಐದರ ಒಂದು ಬಡ ಜೋಡಿ. ನನ್ನ ಒಂಬತ್ತನ್ನು ಹೊಡೆಯಲು ಅಷ್ಟು ಸಾಕಾಯಿತು. ಎಲೆಯನ್ನೂ ನೋಡದೆ ಹೇಗೆ ಧೈರ್ಯ ಮಾಡಿದೆ ಎಂದು ಕೇಳಿದೆ.

"ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನೀವು ಕಾಫಿ ಬೇಡ ಅಂದಿರೋದು ಸುಳ್ಳು ಹೇಳೋವಾಗ ಮಾತ್ರ ಕಣ್ರೀ. ಆ ವಿದ್ಯುತ್ ಬಿಲ್ಲಿನ ಫೈಲಲ್ಲಿ ಏನಿದೆ ಅಂತ ಕೇಳಿದಾಗ್ಲೂ ಬೇಡ ಅಂದ್ರಿ."

"ಅದೃಷ್ಟ ಅಷ್ಟೇ" ಎಂದೆ ನಾನು. "ಒಂದು ಕೈ ಸೋತೆ ಅಂದ್ರೆ ಏನಂತೆ? ಮಧ್ಯಾಹ್ನದಿಂದ ಹೇಗೆ ಆಡಿದೆ ಅಂತ ಮಾವನ್ನೇ ಕೇಳು."

ಉತ್ತರ ಬಂದದ್ದು ದೊಡ್ಡವ್ವನಿಂದ. ಅವರಿಗೆ ಜಯಳ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಏನವ್ವ ಜಯ ನೀನು ಮಾಡಿದ್ದು? ಹಬ್ಬದ ದಿವ್ಸ ಅಳಿಯಂದ್ರು ಸೋತ್ರೆ ವರ್ಷೆಲ್ಲಾ ಸೋತಂಗೆ ಅಂತ ನಾವು ಮೂರ್ ಜನ ಮಧ್ಯಾನದಿಂದ ಎಷ್ಟು ಕಷ್ಟಪಟ್ಟು ಸೋತಿದ್ವಿ. ಒಂದೇ ಗಳಿಗೇಲಿ ಎಲ್ಲಾ ಆಳ್ಮಾಡ್ಬುಟ್ಟಲ್ಲ."

ನನ್ನ ಕಿವಿ ಬಿಸಿಯಾಯಿತು.

"ಮಾವ," ಎಂದೆ, "ಆ ಮೊದಲನೇ ಕೈಯಲ್ಲಿ ನಿಮ್ಮತ್ರ..."

"ಮೂರು ರಾಜ ಇದ್ದೊ" ಎಂದರು ಮಾವ ತಪ್ಪೊಪ್ಪಿಕೊಳ್ಳುವವರಂತೆ. "ಮನ್ಸಿಗೆ ಬೇಜಾರಾಯ್ತು, ಆದ್ರೂ ಬುಟ್ಟೆ. ಆಮ್ಯಾಕೆ ಒಂದ್ಸಲ ಕೆಂಪು ಆಟೀನು ಐದೂ ಬಂದಿದ್ದೊ. ದೊಡ್ಡವ್ವಂಗೆ ನಾಕು ಗುಲಾಮ ಬಂದಾಗ ಖುಸಿ ಮುಚ್ಕಳಕ್ಕೆ ಪಾಪ, ಎಲೆ ಅಡ್ಕೆ ಆಕ್ಕೊಂಡ್ಲು."

ಆ ಹೊತ್ತಿಗೆ ಹಿಂದಿರುಗಿದ್ದ ರಾಜೇಶನನ್ನು ನೋಡಿದೆ. ಅವನು ಕಿವಿ ಮುಟ್ಟಿಕೊಂಡು, "ಕಿವೀಲಿ ಕಜ್ಜಿ ಆಗಿದೆ ಭಾವ" ಎಂದ.

ನಾನು ಎದ್ದು ಒಳಗೆ ಹೋಗಿ ಮಲಗಿಬಿಡೋಣ ಎಂದುಕೊಂಡೆ. ಮಾವ ಕೈ ಹಿಡಿದು ಕೂರಿಸಿದರು. ಯುಗಾದಿಯ ಕೊನೆಯ ಆಟ ಸೋಲಿನಲ್ಲಿ ಮುಗಿಯಬಾರದು, ಮನೆಗೆ ಒಳ್ಳೆಯದಲ್ಲ ಎಂದು ಮಗಳನ್ನು ಬೇಡಿಕೊಂಡರು.

"ಶಾಸ್ತ್ರಕ್ಕೆ ಇನ್ನೊಂದು ಕೈ ಆಡು ಕಣವ್ವ. ಅವ್ರು ಗೆದ್ದು ಎದ್ದೇಳ್ಲಿ."

ಜಯ ನನ್ನ ಮುಖ ನೋಡಿದಳು. ಅವಳಿಗೂ ಕನಿಕರ ಬಂದಿರಬೇಕು. ಕೀಯನ್ನು ಮತ್ತೆ ಚಾಪೆಯ ನಡುವೆ ಇಟ್ಟು, "ಆಯ್ತು. ಇದು ಕೊನೇದು. ಇದು ಗೆದ್ರೆ ಸ್ಕೂಟರ್ ನಿಮ್ಗೇ" ಎಂದಳು.

ರಾಜೇಶ ಎಲೆ ಹಾಕಿದ. ನನ್ನ ಎರಡು ಎಲೆ ಎತ್ತಿ ನೋಡಿದೆ. ಎರಡೂ ಎಕ್ಕ. ನಡುವೆ ಐದು ಎಲೆ ಬಿಚ್ಚಿದಾಗ ಅಲ್ಲೂ ಒಂದು ಎಕ್ಕ. ಮೂರು ಎಕ್ಕ! ಆರು ತಿಂಗಳಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ನನಗೆ ಹಾಗೆ ಬಂದಿತ್ತು. ಮಾವ ತಮ್ಮ ಎಲೆ ನೋಡದೆಯೇ "ಬುಟ್ಟೆ" ಎಂದರು. ರಾಜೇಶ ಬಿಟ್ಟ. ಜಯ ಒಂದು ನಿಟ್ಟುಸಿರು ಬಿಟ್ಟು, "ಬಿಟ್ಟೆ" ಎಂದು, ಎಲೆಗಳನ್ನು ಮಗುಚಿ ಹಾಕಿದಳು.

ಆಗ ದೊಡ್ಡವ್ವ ಮುಂದೆ ಬಗ್ಗಿ, ತಮ್ಮ ಮುಂದಿದ್ದ ಬೀಜಗಳನ್ನೆಲ್ಲ ಎರಡೂ ಕೈಯಿಂದ ಬಳಿದು ನಡುವೆ ತಳ್ಳಿದರು. ಅಷ್ಟೂ ಬೀಜ. ಅಳುಕಿಲ್ಲ, ನನ್ನ ಕಡೆ ನೋಟವಿಲ್ಲ, ಬಾಯಲ್ಲಿ ಎಲೆ ಅಡಿಕೆಯೂ ಇಲ್ಲ.

ನನ್ನ ತಲೆ ಓಡತೊಡಗಿತು. ಇಡೀ ಮಧ್ಯಾಹ್ನ ಸೋತಂತೆ ನಟಿಸಿದವರು ಇವರು. ನಾಲ್ಕು ಗುಲಾಮರನ್ನು ಕೆಳಗಿಟ್ಟು ಕೂತವರು. ಅಂಥವರು ಕೊನೆಯ ಕೈಯಲ್ಲಿ ಎಲ್ಲವನ್ನೂ ತಳ್ಳುತ್ತಿದ್ದಾರೆ ಎಂದರೆ ಸುಮ್ಮನೆ ತಳ್ಳುತ್ತಾರೆಯೇ? ನಡುವಿನ ಎಲೆಗಳಲ್ಲಿ ಮೂರು ಕಪ್ಪು ಇಸ್ಪೀಟು ಜಾತಿಯವು. ಅವರ ಕೈಯಲ್ಲಿ ಅದೇ ಜಾತಿಯ ಇನ್ನೆರಡು ಇದ್ದರೆ ನನ್ನ ಮೂರು ಎಕ್ಕ ಕಸ. ಅದರ ಸಂಭವವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರಕ್ಕೆ ಐದೂ ಬರಲಿಲ್ಲ. ಆದರೆ ಆ ಮುಖ! ಅಷ್ಟು ಶಾಂತವಾದ ಮುಖವನ್ನು ನಾನು ಯಾವ ವಿಡಿಯೋದಲ್ಲೂ ಕಂಡಿರಲಿಲ್ಲ. ಮೂರು ಎಕ್ಕ ಹಿಡಿದು ತಳ್ಳುವುದು ಯಾರಿಗಾದರೂ ಬರುತ್ತದೆ, ಮೂರು ಎಕ್ಕವನ್ನು ಬಿಡಬಲ್ಲವನೇ ನಿಜವಾದ ಆಟಗಾರ. ಈ ದಿನ ಮೊದಲ ಬಾರಿಗೆ ಒಬ್ಬರ ಮುಖವನ್ನು ಸರಿಯಾಗಿ ಓದಿದ್ದೇನೆ ಎಂಬ ತೃಪ್ತಿಯಿಂದ ನಾನು ಎಲೆಗಳನ್ನು ಕೆಳಗಿಟ್ಟೆ.

"ಬಿಟ್ಟೆ" ಎಂದೆ. "ದೊಡ್ಡವ್ವ, ನೀವು ಗೆದ್ರಿ."

ದೊಡ್ಡವ್ವ ತಲೆಯೆತ್ತಿದರು. "ಏನ್ ಗೆದ್ದೆ ನಾನು? ಈ ಸಲ ನಂಗೆ ಎಲೆ ಎಲ್ ಆಕಿದ್ರು? ಬೇಡ ಅಂದಿದ್ದೆ ರಾಜೇಶಂಗೆ. ಕತ್ಲಾಯ್ತದೆ ಅಂತ ಬೀಜ ಬಳ್ದು ಮೊರಕ್ಕೆ ತುಂಬ್ತಾ ಇವ್ನಿ, ಕಾಲ್ ತಗೀರಪ್ಪ."

ನಾನು ಕಾಲು ತೆಗೆದೆ. ರಾಜೇಶ ನನ್ನ ಎಲೆಗಳನ್ನು ಮಗುಚಿ ನೋಡಿ, ಎದ್ದು ಹಸುವಿನ ಕಡೆಗೆ ಹೋದ. ಅಲ್ಲಿಂದ ಬಹಳ ಹೊತ್ತು ಕೆಮ್ಮಿದ ಸದ್ದು ಬರುತ್ತಿತ್ತು. ನಾಲ್ಕು ಜನ ಸೇರಿ ಗೆಲ್ಲಿಸಲು ಹೊರಟರೂ ಗೆಲ್ಲದ ಗಂಡನಿಗೆ ಏನು ತಾನೇ ಹೇಳಬಹುದು. ಜಯ ಹಿಂದಿನ ಕೈಯಲ್ಲಿ ಗೆದ್ದಿದ್ದ ಕೀ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು.

ಮರುದಿನ ಹೊಸತೊಡಕು. ಬಾಡೂಟದಲ್ಲಿ ನನ್ನ ಎಲೆಗೆ ಎರಡು ತುಂಡು ಹೆಚ್ಚಿಗೆ ಬಿದ್ದವು, ಕಾಯಿಲೆಯಿಂದ ಎದ್ದವರಿಗೆ ಬಡಿಸುವಷ್ಟು ಅಕ್ಕರೆಯಿಂದ. ಊಟ ಮುಗಿಸಿ ಹೊರಟೆವು. ಜಯ ಸ್ಕೂಟರ್ ಚಾಲು ಮಾಡಿದಳು. ನಾನು ಹಿಂದೆ ಹತ್ತಿ, ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮಾವ ಹತ್ತಿರ ಬಂದು ನನ್ನ ಭುಜ ಮುಟ್ಟಿ, ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೆ. ಮುಂದಿನ್ ವರ್ಷ ನಾವು ಇನ್ನೂ ಚೆನ್ನಾಗಿ ಸೋಲ್ತೀವಿ."

ನಾನು ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಂಡೆ.